ಮೂರು ಮೀಟರಿನಲ್ಲಿ ಹೋಲ್ಡಾನ್

ಬೆನ್ನಿಗೆ ಬೆನ್ನು ಕೊಟ್ಟು ನಮ್ಮಿಬ್ಬರನ್ನು ಕೂರಿಸಿದರು. ನನ್ನ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಚೌಕ, ತ್ರಿಕೋನ, ಉದ್ದನೆಯ ಪಟ್ಟಿಗಳನ್ನು ಜೋಡಿಸಿ ಬರೆದ ಒಂದು ಆಕಾರ. ನನ್ನ ಹಿಂದಿದ್ದ ಮೆಕ್ಯಾನಿಕಲ್ ಹುಡುಗನ ಮುಂದೆ ಅವೇ ಆಕಾರದ ಮರದ ತುಂಡುಗಳು. 4 ನಿಮಿಷದಲ್ಲಿ ನಾನು ಬಾಯಲ್ಲಿ ಹೇಳಬೇಕು, ಅವನು ಜೋಡಿಸಬೇಕು. ನಾನು ತಿರುಗಿ ನೋಡುವಂತಿಲ್ಲ, ಅವನು ಪ್ರಶ್ನೆ ಕೇಳುವಂತಿಲ್ಲ. ‘ಹೂಂ’ ಎನ್ನಬಹುದು, ಅಷ್ಟೆ.

ನಮಗಿಂತ ಮೊದಲು ಕೂತವರು “ಅದರ ಪಕ್ಕ”, “ಇನ್ನೂ ಸ್ವಲ್ಪ ಆ ಕಡೆ” ಎನ್ನುತ್ತಾ ಸಮಯ ಮುಗಿಸಿದ್ದನ್ನು ನೋಡಿದ್ದೆ. ನಾನು ಚಿತ್ರದ ವಿಷಯ ಎತ್ತುವ ಮೊದಲೇ ಹೇಳಿದೆ: “ನಾನು ಎಡ ಅಂದ್ರೆ ನಿಮ್ಮ ಎಡ, ನನ್ನದಲ್ಲ. ಹೋಲ್ಡಾನ್ ಅಂದ್ರೆ ಕೈ ಎತ್ತಿಬಿಡಿ, ಏನನ್ನೂ ಮುಟ್ಟಬೇಡಿ.” ಮೇಜಿನಾಚೆ ಅಂಕ ಹಾಕುತ್ತಿದ್ದ ಶಿರಸಿ ಕಡೆಯ ಸೀನಿಯರ್ ಅಕ್ಕ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

ಆ ಎರಡು ಮಾತೂ ನನ್ನವಲ್ಲ, ಅಪ್ಪನವು. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ನಮ್ಮದು ಅರಸೀಕೆರೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಒಮ್ಮೊಮ್ಮೆ ಅಪ್ಪನ ಹಳ್ಳಿ ರೂಟಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೊನೆಯ ಊರಿನಲ್ಲಿ ಬಸ್ಸು ತಿರುಗಿಸಬೇಕೆಂದರೆ ಅರಳಿಕಟ್ಟೆಗೂ ಒಂದು ಮನೆಯ ಜಗಲಿಗೂ ನಡುವೆ ಹಿಂದಕ್ಕೆ ತರಬೇಕಿತ್ತು. ಅಪ್ಪ ಇಳಿದು ಹಿಂದೆ ನಿಂತು ಬಸ್ಸಿನ ಬಾಡಿಯನ್ನು ಅಂಗೈಯಿಂದ ತಟ್ಟುತ್ತಾ “ಬರ್ಲಿ, ಬರ್ಲಿ, ಬರ್ಲಿ… ಲೆಫ್ಟ್ ಕಟ್ ಮಾಡು… ಬರ್ಲಿ… ಹೋಲ್ಡಾನ್!” ಎನ್ನುತ್ತಿದ್ದರು. ಜಗಲಿಯ ಕಡೆ ಮುಖ ಮಾಡಿದ್ದರೂ ಅಷ್ಟೆ, ಬಸ್ಸಿನ ಕಡೆ ಮುಖ ಮಾಡಿದ್ದರೂ ಅಷ್ಟೆ, ಅವರು ಹೇಳುವ ಲೆಫ್ಟ್ ಯಾವಾಗಲೂ ಡ್ರೈವರನ ಲೆಫ್ಟೇ. ಸ್ಟೀರಿಂಗ್ ಯಾರ ಕೈಯಲ್ಲಿದೆಯೋ ಎಡ-ಬಲ ಅವನದು.

ಎರಡು ದಿನ ಬಿಟ್ಟು ಫೋನ್ ಬಂತು. ಸಿಮ್ಯುಲೇಟರ್ ತಂಡಕ್ಕೆ ನನ್ನನ್ನು ತೆಗೆದುಕೊಂಡಿದ್ದರು.

ನಾನು ಓದುತ್ತಿರುವುದು ಬಿ.ಎಸ್ಸಿ. ಮನಶ್ಶಾಸ್ತ್ರ. ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಕ್ಯಾಂಪಸ್ಸಿನಲ್ಲಿ ಎಂಜಿನಿಯರಿಂಗ್ ಬ್ಲಾಕ್ ಒಂದು ತುದಿಗೆ, ನಮ್ಮ ಬ್ಲಾಕ್ ಇನ್ನೊಂದು ತುದಿಗೆ, ನಡುವೆ ಕ್ಯಾಂಟೀನ್. 2024ರ ಆಗಸ್ಟಿನಲ್ಲಿ ಆ ಕ್ಯಾಂಟೀನಿನ ಕೈತೊಳೆಯುವ ನಲ್ಲಿಯ ಮೇಲೆ ಒಂದು ಚೀಟಿ ಅಂಟಿಸಿದ್ದರು: ವಿದ್ಯಾರ್ಥಿಗಳೇ ಕಟ್ಟುತ್ತಿರುವ ಅಂತರಿಕ್ಷ ನೌಕೆಯ ಸಿಮ್ಯುಲೇಟರಿಗೆ (ನೆಲದ ಮೇಲೇ ಹಾರಾಟ ಅಭ್ಯಾಸ ಮಾಡುವ ಅಣಕು ನೌಕೆಗೆ) ಜನ ಬೇಕು, ಯಾವ ವಿಭಾಗದವರಾದರೂ ಬನ್ನಿ. ನಮ್ಮ ಕ್ಲಾಸಿನಿಂದ ಹೋದವಳು ನಾನೊಬ್ಬಳೇ.

ಹೋಗಲು ಕಾರಣ ಇತ್ತು. ಅದರ ಹಿಂದಿನ ವರ್ಷ, 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಇಳಿಯುವುದನ್ನು ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತು ನೋಡಿದ್ದೆವು. 6 ಗಂಟೆ 4 ನಿಮಿಷಕ್ಕೆ ಇಳಿಯಿತು. ನನ್ನ ಕಣ್ಣು ಇದ್ದದ್ದು ಇಳಿಯುತ್ತಿದ್ದ ಗೆರೆಯ ಮೇಲಲ್ಲ, ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿ ಸಾಲಾಗಿ ಕೂತಿದ್ದವರ ಮುಖಗಳ ಮೇಲೆ. ಕೊನೆಯ ಆ ನಿಮಿಷಗಳಲ್ಲಿ ನೌಕೆ ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು, ಅವರು ಬರೀ ನೋಡಬೇಕು. ಹಾಗೆ ಬರೀ ನೋಡುತ್ತಾ ಕೂರುವವರ ತಲೆಯಲ್ಲಿ ಆಗ ಏನು ನಡೆಯುತ್ತಿರುತ್ತದೆ? ಡಿಗ್ರಿಗೆ ಯಾವ ವಿಷಯ ತಗೊಳ್ಳುತ್ತೀಯ ಎಂದು ಎಲ್ಲರೂ ಕೇಳುತ್ತಿದ್ದ ಕಾಲ ಅದು.

ಸಿಮ್ಯುಲೇಟರ್ ಇದ್ದದ್ದು ಮೆಕ್ಯಾನಿಕಲ್ ವರ್ಕ್‌ಶಾಪಿನ ಹಿಂದಿನ ಹಳೆಯ ಸ್ಟೋರ್ ರೂಮಿನಲ್ಲಿ. ಮೇಲೆ ತಗಡಿನ ಶೀಟು. ಚೌಕ ಪೈಪುಗಳನ್ನು ವೆಲ್ಡ್ ಮಾಡಿ ನಿಲ್ಲಿಸಿದ ಚೌಕಟ್ಟು, ಅದಕ್ಕೆ ಪ್ಲೈವುಡ್ ಹೊದಿಕೆ, ಒಳಗೆ ಬಗ್ಗಿ ಹೋಗುವಷ್ಟು ಒಂದು ಬಾಗಿಲು. ಜೆ.ಸಿ. ರೋಡಿನಿಂದ ತಂದ 3 ಹಳೆಯ ಕಾರ್ ಸೀಟುಗಳನ್ನು ಬೆನ್ನು ನೆಲಕ್ಕೆ ಬರುವಂತೆ ವಾಲಿಸಿ ಕೂರಿಸಿದ್ದರು. ಸ್ವಿಚ್ಚು, ಜಾಯ್‌ಸ್ಟಿಕ್, ವೈರುಗಳೆಲ್ಲ ಎಸ್.ಪಿ. ರೋಡಿನವು. ಕಿಟಕಿಯ ಜಾಗದಲ್ಲಿ 3 ಮಾನಿಟರುಗಳು. ಕ್ಯಾಬಿನ್ ಅಲುಗಾಡುವುದಿಲ್ಲ, ತೂಕ ಕಳೆಯುವುದಿಲ್ಲ. ಆದರೆ ಬಾಗಿಲು ಹಾಕಿ ದೀಪ ಆರಿಸಿದಾಗ ಮಾನಿಟರಿನಲ್ಲಿ ಭೂಮಿಯ ಅಂಚು ನೀಲಿಯಾಗಿ ಬಾಗಿ ನಿಲ್ಲುತ್ತಿತ್ತು. ಮೊದಲ ಸಲ ಮಲಗಿ ಅದನ್ನು ನೋಡಿದಾಗ ನಾನು ಉಸಿರು ಬಿಗಿ ಹಿಡಿದಿದ್ದೆ. ಗೋಡೆಯ ಆಚೆಯ ಇನ್ನೊಂದು ಕೋಣೆ ನಮ್ಮ ಕಂಟ್ರೋಲ್ ರೂಮ್. ಅಲ್ಲಿಂದ ಕ್ಯಾಬಿನ್ ಕಾಣಿಸುವುದಿಲ್ಲ. ಹೆಡ್‌ಸೆಟ್ಟಿನ ಮಾತು ಮತ್ತು ಪರದೆಯ ಮೇಲಿನ ಅಂಕಿಗಳು, ಇಷ್ಟೇ ಸಂಪರ್ಕ.

ತಂಡದಲ್ಲಿ ಆಗ ನಾವು 26 ಜನ. ಚೌಕಟ್ಟು ಕಟ್ಟುವವರು ಮೆಕ್ಯಾನಿಕಲ್‌ನವರು, ಸ್ವಿಚ್ಚು-ಬೋರ್ಡುಗಳು ಎಲೆಕ್ಟ್ರಾನಿಕ್ಸ್‌ನವರದು. ನೌಕೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಸೆಕೆಂಡಿಗೆ 50 ಸಲ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆದವರು ಏರೋನಾಟಿಕಲ್ ಮತ್ತು ಭೌತಶಾಸ್ತ್ರದ ನಾಲ್ವರು. ನಾವು ಅವರನ್ನು ‘ಡೈನಮಿಕ್ಸ್’ ಎನ್ನುತ್ತಿದ್ದೆವು. ಆ ಲೆಕ್ಕವನ್ನು ಕಿಟಕಿಯ ಚಿತ್ರವಾಗಿಸುವವರು ಕಂಪ್ಯೂಟರ್ ಸೈನ್ಸ್ ಮತ್ತು ಡಿಸೈನ್ ವಿಭಾಗದವರು, ‘ವಿಶುವಲ್ಸ್’. ನನ್ನನ್ನು ಹಾಕಿದ್ದು ‘ಪ್ರೊಸೀಜರ್ಸ್’ಗೆ. ಒಳಗೆ ಕೂತವರು ಯಾವ ಹೊತ್ತಿಗೆ ಏನು ಮಾಡಬೇಕು, ಏನು ಹೇಳಬೇಕು ಎಂಬ ಪುಸ್ತಕ ಬರೆಯುವ ಕೆಲಸ. ಆ ಗುಂಪಿನಲ್ಲಿ ಇದ್ದವರು ಶಿರಸಿಯ ಅಕ್ಕ ಮತ್ತು ನಾನು, ಇಬ್ಬರೇ.

“ಬರೆಯೋಕೆ ಮೊದಲು ಹಾರಿಸಿ ನೋಡು” ಎಂದರು ಅಕ್ಕ. ಡೈನಮಿಕ್ಸ್‌ನ ಹುಬ್ಬಳ್ಳಿ ಹುಡುಗ ನನ್ನನ್ನು ನಡುವಿನ ಸೀಟಿನಲ್ಲಿ ಮಲಗಿಸಿ, ಇನ್ನೊಂದು ನೌಕೆಯನ್ನು ನನ್ನ ಮುಂದೆ 2 ಕಿಲೋಮೀಟರ್ ದೂರದಲ್ಲಿ ಇಟ್ಟ. “ಹಿಡೀರಿ ನೋಡೋಣು” ಎಂದ. ನಾನು ಮುಂದಕ್ಕೆ ಒತ್ತಿದೆ. ಮೊದಲು ಹತ್ತಿರ ಬಂತು. ಆಮೇಲೆ ಅದು ಕೆಳಕ್ಕೆ ಜಾರಿತು, ಮತ್ತೆ ಮುಂದಕ್ಕೆ ಓಡಿತು. ಇನ್ನೂ ಒತ್ತಿದೆ, ಇನ್ನೂ ದೂರ ಹೋಯಿತು. 20 ನಿಮಿಷದಲ್ಲಿ ಇಂಧನ ಮುಗಿಯಿತು.

ಅವನು ಹಲಗೆಯ ಮೇಲೆ ಬರೆದು ತೋರಿಸಿದ. 400 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 7.67 ಕಿಲೋಮೀಟರ್, ಒಂದು ಸುತ್ತಿಗೆ 92 ನಿಮಿಷಕ್ಕೂ ಸ್ವಲ್ಪ ಹೆಚ್ಚು. ಮುಂದಿರುವುದನ್ನು ಹಿಡಿಯಲು ವೇಗ ಹೆಚ್ಚಿಸಿದರೆ ನಿನ್ನ ಕಕ್ಷೆಯೇ ಮೇಲಕ್ಕೆ ಏಳುತ್ತದೆ. ಮೇಲಿನ ಕಕ್ಷೆಯಲ್ಲಿ ಸುತ್ತು ದೊಡ್ಡದು, ಹೊತ್ತು ಹೆಚ್ಚು. ಆದ್ದರಿಂದ ಹಿಂದೆ ಬೀಳುತ್ತೀಯ. ಹಿಡಿಯಬೇಕಾದರೆ ಮೊದಲು ನಿಧಾನ ಮಾಡಬೇಕು, ಕೆಳಗಿಳಿಯಬೇಕು, ಅಲ್ಲಿ ಬೇಗ ಸುತ್ತಿ ಮೇಲಕ್ಕೆ ಬರಬೇಕು. 1965ರ ಜೂನ್‌ನಲ್ಲಿ ಜೆಮಿನಿ-4ರ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ನೋಡಿ, ಇಂಧನ ಖರ್ಚಾಗುತ್ತಿದ್ದರಿಂದ ಕೈಬಿಟ್ಟಿದ್ದರಂತೆ. “ಅವರು ಟೆಸ್ಟ್ ಪೈಲಟ್ ಆಗಿದ್ದವ್ರು. ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ” ಎಂದ. ತೀರಾ ಹತ್ತಿರವಿರುವ ಎರಡು ನೌಕೆಗಳ ಈ ಓಲಾಟವನ್ನು ಲೆಕ್ಕ ಹಾಕಲು ಕ್ಲೋಹೆಸ್ಸಿ ಮತ್ತು ವಿಲ್ಟ್‌ಶೈರ್ 1960ರಲ್ಲಿ ಕೊಟ್ಟ ಸಮೀಕರಣಗಳಿವೆ. ಅವುಗಳ ಗಣಿತ ನನಗೆ ಪೂರ್ತಿ ಬರುವುದಿಲ್ಲ. ಅವು ಬರೆಯುವ ಗೆರೆಯನ್ನು ಮಾತ್ರ ಕಣ್ಣು ಮುಚ್ಚಿದರೂ ಎಳೆಯಬಲ್ಲೆ. ಒಂದು ತಿಂಗಳು ದಿನಾ ಸಂಜೆ ಕೂತು ಅಷ್ಟನ್ನು ಸಂಪಾದಿಸಿದೆ.

ಆ ತಿಂಗಳು ನಮ್ಮ ವಿಭಾಗದ ಒಬ್ಬ ಅಧ್ಯಾಪಕರು “ಅದಕ್ಕೂ ನಿಂಗೂ ಏನಮ್ಮ ಸಂಬಂಧ, ಅಟೆಂಡೆನ್ಸ್ ನೋಡ್ಕೋ” ಎಂದಿದ್ದರು. ಸಂಬಂಧ ಏನು ಎಂದು ನನಗೂ ಆಗ ಹೇಳಲು ಬರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಒಂದು ಪದ ಅದನ್ನು ತೋರಿಸಿತು: ‘ಆಯ್ತು.’

ಹೆಡ್‌ಸೆಟ್ಟಿನ ಭಾಷೆ ಇಂಗ್ಲಿಷ್ ಎಂದು ನಿಯಮ. ತಂಡದಲ್ಲಿ ಕೇರಳದವರು, ಆಂಧ್ರದವರು, ಒಡಿಶಾದ ಒಬ್ಬಳು ಇದ್ದರು. ಆದರೆ ಅಲಾರಂ ಹೊಡೆದ ಕ್ಷಣ ಕನ್ನಡದವರು ಕನ್ನಡಕ್ಕೆ ಜಾರುತ್ತಿದ್ದರು. ನಾನು ಸಿಮ್ಯುಲೇಟರಿನ ಪ್ರತಿ ಓಟದ ಮಾತುಗಳನ್ನು ಬರೆದಿಡುತ್ತಿದ್ದುದರಿಂದ ಇದು ಕಣ್ಣಿಗೆ ಬಿತ್ತು. ಒತ್ತಡ ಏರಿದಷ್ಟೂ ಇಂಗ್ಲಿಷ್ ಕಮ್ಮಿ. ಒಂದು ಸಂಜೆಯ ಓಟದಲ್ಲಿ ಒಂದು ಥ್ರಸ್ಟರ್ (ನೌಕೆಯನ್ನು ತಳ್ಳುವ ಸಣ್ಣ ಎಂಜಿನ್) ಮುಚ್ಚದೆ ಉಗುಳುತ್ತಲೇ ಇರುವಂತೆ ತೊಂದರೆ ಕೊಟ್ಟಿದ್ದೆವು. ಕಂಟ್ರೋಲಿನಿಂದ “ಬಿ ವಾಲ್ವ್ ಮುಚ್ಚಿ” ಎಂದರು. ಒಳಗಿನಿಂದ “ಆಯ್ತು” ಎಂದು ಬಂತು. ಕಂಟ್ರೋಲಿನವರು ವಾಲ್ವ್ ಮುಚ್ಚಿದೆ ಎಂದುಕೊಂಡು ಮುಂದಿನ ಹೆಜ್ಜೆಗೆ ಹೋದರು. ಒಳಗಿದ್ದವನು ಹೇಳಿದ ‘ಆಯ್ತು’ಗೆ ‘ಸರಿ, ಮುಚ್ಚುತ್ತೇನೆ’ ಎಂದರ್ಥ. ಅವನ ಕೈ ಇನ್ನೂ ಸ್ವಿಚ್ಚು ಹುಡುಕುತ್ತಿತ್ತು. ನೌಕೆ ಗಿರಗಿರನೆ ತಿರುಗಿತು, ಆ ಓಟ ಅಲ್ಲಿಗೇ ಮುಗಿಯಿತು.

ದಿನಕ್ಕೆ ನೂರು ಸಲ ಆಡುವ ಮಾತು. ಅಮ್ಮ “ಗ್ಯಾಸ್ ಆಫ್ ಮಾಡೇ” ಎಂದಾಗ “ಆಯ್ತಮ್ಮಾ” ಎನ್ನುತ್ತೇವೆ, ಕೂತಲ್ಲಿಂದ ಎದ್ದಿರುವುದಿಲ್ಲ. ಮಾಡುತ್ತೇನೆ ಎನ್ನುವುದಕ್ಕೂ ಅದೇ, ಮಾಡಿ ಮುಗಿಸಿದೆ ಎನ್ನುವುದಕ್ಕೂ ಅದೇ. ಅವತ್ತು ರಾತ್ರಿ ಕೂತು ನಮ್ಮ ಓಟಗಳ ಮಾತನ್ನೆಲ್ಲ ಮತ್ತೆ ಓದಿದೆ. ‘ರೈಟ್’ ಇನ್ನೂ ಕಷ್ಟದ್ದು. ಒಮ್ಮೆ ಬಲಕ್ಕೆ ಎಂದು, ಒಮ್ಮೆ ಸರಿ ಎಂದು. ನಮ್ಮ ಊರಿನ ಬಸ್ಸುಗಳಲ್ಲಿ ‘ರೈಟ್’ ಎಂದರೆ ಹೊರಡು ಎಂದು. ಸೀಟಿಯಲ್ಲಿ ಹೇಳುವುದಾದರೆ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೋಗು. ಒಂದಕ್ಕೆ ಇನ್ನೊಂದು ಎಂದೂ ಬೆರೆಯುವುದಿಲ್ಲ.

ಮರುದಿನ ಒಂದು ಹಾಳೆ ಗೋಡೆಗೆ ಅಂಟಿಸಿದೆ. ಕೇಳಿಸಿದ್ದಕ್ಕೆ ‘ಕೇಳಿಸ್ತು’ ಎಂದು ಹೇಳಿ, ಹೇಳಿದ್ದನ್ನು ಮತ್ತೆ ಒಪ್ಪಿಸಬೇಕು. ಮಾಡಿ ಮುಗಿಸಿದ್ದಕ್ಕೆ ಕ್ರಿಯೆಯನ್ನೇ ಹೇಳಬೇಕು: ‘ಬಿ ವಾಲ್ವ್ ಮುಚ್ಚಿದೆ.’ ಎಡ-ಬಲ ಒಳಗೆ ಕೂತವರದು. ‘ರೈಟ್’ ಬೇಡ. ‘ಆಯ್ತು’ ಬೇಡ. ಎಲ್ಲವನ್ನೂ ನಿಲ್ಲಿಸಬೇಕಾದರೆ ‘ಹೋಲ್ಡಾನ್’. ಕೇರಳದ ಹುಡುಗನಿಂದ ಒಡಿಶಾದವಳವರೆಗೆ ಎಲ್ಲರೂ ಎರಡು ವಾರದಲ್ಲಿ ಈ ಆರೇಳು ಕನ್ನಡ ಪದ ಕಲಿತರು. ಇಂಗ್ಲಿಷ್ ಕಡ್ಡಾಯ ಮಾಡಿ ಒತ್ತಡದಲ್ಲಿ ಕೈಕೊಡುವುದಕ್ಕಿಂತ, ಒತ್ತಡದಲ್ಲಿ ತಾನಾಗಿ ಬಾಯಿಗೆ ಬರುವ ಮಾತನ್ನೇ ಹದ ಮಾಡಿಕೊಳ್ಳುವುದು ಸರಿ ಎಂದು ನಾನು ವಾದಿಸಿದ್ದೆ. ಈಗಲೂ ಅದೇ ನನ್ನ ನಿಲುವು.

ಅಳೆಯುವ ಕೆಲಸವನ್ನೂ ಆಗಲೇ ಶುರು ಮಾಡಿದೆ. ನಾಸಾದ ಏಮ್ಸ್ ಕೇಂದ್ರದಲ್ಲಿ ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ ರೂಪಿಸಿ 1988ರಲ್ಲಿ ಪ್ರಕಟಿಸಿದ ಕೆಲಸದ ಹೊರೆಯ ಮಾಪನ ಒಂದಿದೆ, ಟಿಎಲ್‌ಎಕ್ಸ್ ಎನ್ನುತ್ತಾರೆ. 6 ಪ್ರಶ್ನೆ: ತಲೆಗೆ ಎಷ್ಟು ಕೆಲಸ, ಮೈಗೆ ಎಷ್ಟು, ಸಮಯದ ಒತ್ತಡ ಎಷ್ಟು, ಎಷ್ಟು ಚೆನ್ನಾಗಿ ಮಾಡಿದೆ, ಎಷ್ಟು ಶ್ರಮ ಪಟ್ಟೆ. ಆರನೆಯದಕ್ಕೆ ಕನ್ನಡ ಹುಡುಕಲು ನನಗೆ ಒಂದು ವಾರ ಹಿಡಿಯಿತು. ನಿಘಂಟು ‘ಹತಾಶೆ’ ಎಂದಿತು. ವರ್ಕ್‌ಶಾಪಿನಲ್ಲಿ ನಮಗೆ ವೆಲ್ಡಿಂಗ್ ಮಾಡಿಕೊಟ್ಟ ಲ್ಯಾಬ್ ಅಸಿಸ್ಟೆಂಟ್ ಅಣ್ಣ ಒಂದು ಓಟ ಮುಗಿಸಿ ಹೊರಗೆ ಬಂದಾಗ “ಹತಾಶೆ ಎಷ್ಟಿತ್ತಣ್ಣ?” ಎಂದು ಕೇಳಿದೆ. “ಹತಾಶೆ ಯಾಕಮ್ಮಾ, ನಾನೇನು ಸೋತು ಕೂತಿದೀನಾ? ಆ ಬೀಪ್ ಬೀಪ್ ಸದ್ದು ಮಾತ್ರ ಕಿರಿಕಿರಿ” ಎಂದರು. ಹಾಳೆಯಲ್ಲಿ ‘ಕಿರಿಕಿರಿ’ ಎಂದು ತಿದ್ದಿದೆ. ಅಲಾರಮ್ಮಿನ ಸದ್ದನ್ನು ಎಲೆಕ್ಟ್ರಾನಿಕ್ಸ್‌ನವರು ಆ ವಾರವೇ ಬದಲಿಸಿದರು, ಆ ಅಂಕ ಇಳಿಯಿತು.

ಡಿಸೆಂಬರ್ 30ರ ರಾತ್ರಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ಏರಿತು. ಅದರಲ್ಲಿದ್ದದ್ದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು, ಒಂದೊಂದೂ ಸುಮಾರು 220 ಕಿಲೋ, ಒಂದು ಬೆನ್ನಟ್ಟುವುದು, ಇನ್ನೊಂದು ಕಾಯುವುದು. ನಾವು ನಾಲ್ಕು ತಿಂಗಳಿಂದ ಪ್ಲೈವುಡ್ ಪೆಟ್ಟಿಗೆಯಲ್ಲಿ ಒದ್ದಾಡುತ್ತಿದ್ದ ಕೆಲಸವನ್ನು ಪೀಣ್ಯದಿಂದ ನಿಜವಾಗಿ ಮಾಡುವವರಿದ್ದರು. ಜನವರಿ 7ಕ್ಕೆ ಡಾಕಿಂಗ್, ಅಂದರೆ ಎರಡನ್ನೂ ಒಂದಕ್ಕೊಂದು ಕೂಡಿಸುವುದು, ಎಂದಿತ್ತು, 9ಕ್ಕೆ ಹೋಯಿತು. ಇಸ್ರೋ ಕೊಟ್ಟ ಕಾರಣ ಓದಿ ನಮ್ಮ ಕೋಣೆಯಲ್ಲಿ ಎಲ್ಲರೂ ಸುಮ್ಮನಾದೆವು. ಅಬಾರ್ಟ್ ಮಾಡಬೇಕಾಗಿ, ಅಂದರೆ ಪ್ರಯತ್ನ ಅಲ್ಲಿಗೇ ಕೈಬಿಟ್ಟು ಹಿಂದೆ ಸರಿಯಬೇಕಾಗಿ, ಬರಬಹುದಾದ ಒಂದು ಸಂದರ್ಭ ಅವತ್ತು ಗೊತ್ತಾಗಿದೆ, ಅದನ್ನು ನೆಲದ ಮೇಲೆ ಸಿಮ್ಯುಲೇಟ್ ಮಾಡಿ ನೋಡಬೇಕು ಎಂದಿದ್ದರು. ಮೇಲೆ ಎರಡು ನೌಕೆ ತೇಲುತ್ತಿರುವಾಗ, ದೇಶವೇ ಕಾಯುತ್ತಿರುವಾಗ, ಅವರು ವಾಪಸ್ ಹೋದದ್ದು ಸಿಮ್ಯುಲೇಟರ್ ಮುಂದಕ್ಕೆ. ಆಮೇಲೆ 9ಕ್ಕೂ ಆಗಲಿಲ್ಲ. 12ರಂದು 15 ಮೀಟರ್‌ವರೆಗೆ, ಅಲ್ಲಿಂದ 3 ಮೀಟರ್‌ವರೆಗೆ ತಂದು ನೋಡಿ, ಮತ್ತೆ ದೂರ ಸರಿಸಿದರು. 16ರಂದು ಎರಡೂ ಒಂದಾದವು. ಅವತ್ತು ಸಂಜೆ ನಮ್ಮ ಪುಸ್ತಕದಲ್ಲೂ 15 ಮೀಟರಿಗೆ ಒಂದು, 3 ಮೀಟರಿಗೆ ಒಂದು ನಿಲುಗಡೆ ಬರೆದೆ. ಅಬಾರ್ಟ್‌ಗೆಂದೇ ಬೇರೆ ಅಧ್ಯಾಯ ತೆರೆದೆ. ಅದುವರೆಗೆ ನಮ್ಮ ಪುಸ್ತಕದಲ್ಲಿ ಅದು ಅರ್ಧ ಪುಟ ಇತ್ತು.

ಫೆಬ್ರುವರಿ ಪೂರ್ತಿ ಒಂದು ಕಂಪನದ ಹಿಂದೆ ಹೋಯಿತು. 15 ಮೀಟರಿನಲ್ಲಿ ಗೊತ್ತಾಗುತ್ತಿರಲಿಲ್ಲ. 3 ಮೀಟರಿಗೆ ಬಂದಾಗ ಎದುರಿನ ನೌಕೆ ಕಿಟಕಿಯಲ್ಲಿ ಥಟ್ ಥಟ್ ಎಂದು ಜಿಗಿಯುತ್ತಿತ್ತು. ಡೈನಮಿಕ್ಸ್‌ನವರು ತಮ್ಮ ಲೆಕ್ಕ ನುಣುಪಾಗಿದೆ ಎಂದು ಗ್ರಾಫ್ ತೋರಿಸಿದರು. ವಿಶುವಲ್ಸ್‌ನವರು ಬಂದ ಅಂಕಿಯನ್ನೇ ಹಾಗೇ ತೋರಿಸುತ್ತಿದ್ದೇವೆ ಎಂದರು. ಅದೂ ನಿಜ. ಎಲೆಕ್ಟ್ರಾನಿಕ್ಸ್‌ನವರು ಜಾಯ್‌ಸ್ಟಿಕ್ ಬದಲಿಸಿದರು, ಕೇಬಲ್ ಬದಲಿಸಿದರು. ಎರಡು ವಾರ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಇಂಟರ್ನಲ್ಸ್ ಬೇರೆ ಹತ್ತಿರ ಬಂದಿತ್ತು.

ನನ್ನ ಹತ್ತಿರ ಇದ್ದದ್ದು ನೋಟ್‌ಬುಕ್ಕು ಮಾತ್ರ. ಓಟ ಮುಗಿಸಿ ಬಂದವರೆಲ್ಲ ಕಂಪನವನ್ನು ಹೇಗೆ ಹೇಳಿದರು ಎಂದು ಅವರವರ ಮಾತಿನಲ್ಲೇ ಬರೆದುಕೊಂಡಿದ್ದೆ. ಕೆಲವರು “ಯಾರೋ ಹಿಂದಿನಿಂದ ತಳ್ಳಿದ ಹಾಗೆ” ಎಂದಿದ್ದರು, ಕೆಲವರು “ಲಿಫ್ಟ್ ನಿಲ್ಲುವಾಗ ಆಗುವ ಹಾಗೆ” ಎಂದಿದ್ದರು. ಇದು ಆಯಾ ಮನುಷ್ಯರ ಸ್ವಭಾವ ಎಂದುಕೊಂಡಿದ್ದೆ. ಆದರೆ ಒಬ್ಬಳೇ ಹುಡುಗಿ ಒಂದು ದಿನ ‘ತಳ್ಳಿದ ಹಾಗೆ’ ಎಂದವಳು ಇನ್ನೊಂದು ದಿನ ‘ಲಿಫ್ಟಿನ ಹಾಗೆ’ ಎಂದಿದ್ದಳು. ದಿನಾಂಕ, ಓಟ ಶುರುವಾದ ಜಾಗ ಎಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡಿತು: ಭೂಮಿಯ ಅಂಚಿನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ 3 ಮೀಟರಿಗೆ ಬಂದವರೆಲ್ಲ ಲಿಫ್ಟ್ ಎಂದಿದ್ದಾರೆ, ಅಲ್ಲಿಂದ ಸುತ್ತಿನ ಎಂಟನೇ ಒಂದು ಭಾಗ ಆಚೆ ಬಂದವರೆಲ್ಲ ತಳ್ಳಿದ ಹಾಗೆ ಎಂದಿದ್ದಾರೆ. ಜಾಯ್‌ಸ್ಟಿಕ್ಕಿಗೆ, ಕೇಬಲ್ಲಿಗೆ ಕಕ್ಷೆಯಲ್ಲಿ ನೌಕೆ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು?

ಹುಬ್ಬಳ್ಳಿ ಹುಡುಗನಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಟ್‌ಬುಕ್ಕನ್ನೇ ನೋಡಿ, ವಿಶುವಲ್ಸ್‌ನ ಕಂಪ್ಯೂಟರಿಗೆ ಹೋಗಿ, ಎದುರಿನ ನೌಕೆಯ ಸ್ಥಾನದ ಅಂಕಿಗಳನ್ನು ಉದ್ದಕ್ಕೆ ಇಳಿಸಿದ. ದೊಡ್ಡ ಅಂಕಿಗಳೆಲ್ಲ ದಶಮಾಂಶದ ನಂತರ ಸೊನ್ನೆ ಇಲ್ಲವೇ ಐದರಲ್ಲಿ ಕೊನೆಯಾಗುತ್ತಿದ್ದವು. ನಡುವೆ ಏನೂ ಇಲ್ಲ. “ಏ, ಎಲ್ರೂ ಬರ್ರಿ ಇಲ್ಲೆ” ಎಂದು ಕೂಗಿದ.

ವಿಷಯ ಇಷ್ಟು. ಡೈನಮಿಕ್ಸ್‌ನವರು ಪ್ರತಿ ಅಂಕಿಗೂ 64 ಬಿಟ್ ಬಳಸುತ್ತಿದ್ದರು. ಬಿಟ್ ಹೆಚ್ಚಿದ್ದಷ್ಟೂ ಅಂಕಿ ಸೂಕ್ಷ್ಮ. ಚಿತ್ರ ಬಿಡಿಸುವ ಗೇಮ್ ಎಂಜಿನ್ ಸ್ಥಾನವನ್ನು 32 ಬಿಟ್‌ನಲ್ಲಿ ಇಡುತ್ತದೆ. ಎಲ್ಲ ದೂರಗಳನ್ನೂ ಭೂಮಿಯ ಕೇಂದ್ರದಿಂದ ಮೀಟರಿನಲ್ಲಿ ಅಳೆಯುತ್ತಿದ್ದೆವು. ಭೂಮಿಯ ತ್ರಿಜ್ಯ 6378 ಕಿಲೋಮೀಟರ್, ಮೇಲೆ 400, ಅಂದರೆ 67,78,000 ಮೀಟರ್. ಅಷ್ಟು ದೊಡ್ಡ ಅಂಕಿಯಲ್ಲಿ 32 ಬಿಟ್‌ಗೆ ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಅರ್ಧ ಮೀಟರ್ ಅಂತರ. ಅದಕ್ಕಿಂತ ಸಣ್ಣದು ಅದಕ್ಕೆ ತಿಳಿಯುವುದೇ ಇಲ್ಲ. 2 ಕಿಲೋಮೀಟರ್ ದೂರದಲ್ಲಿ ಅರ್ಧ ಮೀಟರ್ ಯಾರ ಕಣ್ಣಿಗೂ ಬೀಳದು, 3 ಮೀಟರಿನಲ್ಲಿ ಅದೇ ಬೆಟ್ಟ. ನೌಕೆ ಸುತ್ತುತ್ತಾ ಹೋದಂತೆ ಯಾವ ಅಕ್ಷದ ಅಂಕಿ ದೊಡ್ಡದಾಗುತ್ತದೆ ಎನ್ನುವುದು ಬದಲಾಗುತ್ತದೆ. ಆದ್ದರಿಂದ ಒಂದು ಕಡೆ ಮೇಲೆ-ಕೆಳಗಿನ ಜಿಗಿತ, ಇನ್ನೊಂದು ಕಡೆ ಅದರ ಜೊತೆ ಹಿಂದೆ-ಮುಂದಿನ ಜಿಗಿತವೂ. ಯಾರ ಪ್ರೋಗ್ರಾಮಿನಲ್ಲೂ ತಪ್ಪಿರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಅಂಕಿ ಸವೆಯುತ್ತಿತ್ತು. ಕೇಂದ್ರವನ್ನು ಭೂಮಿಯ ಒಳಗಿನಿಂದ ತೆಗೆದು ನಮ್ಮ ನೌಕೆಯಲ್ಲೇ ಇಟ್ಟು, ಎದುರಿನದು ನಮ್ಮಿಂದ ಎಷ್ಟು ದೂರ ಎಂದು 64 ಬಿಟ್‌ನಲ್ಲಿ ಲೆಕ್ಕ ಹಾಕಿ, ಆ ಸಣ್ಣ ಅಂಕಿಯನ್ನು ಮಾತ್ರ ಕಳಿಸಿದರು. ಕಂಪನ ನಿಂತಿತು. ಅವತ್ತು ರಾತ್ರಿ ಡೈನಮಿಕ್ಸ್‌ನವರೂ ವಿಶುವಲ್ಸ್‌ನವರೂ ಒಂದೇ ತಟ್ಟೆಯಲ್ಲಿ ಗೋಬಿ ತಿಂದರು. ಸ್ಟೀರಿಂಗ್ ಇರುವಲ್ಲಿ ಕೇಂದ್ರ ಇಡಬೇಕು ಎಂಬುದು ಅಪ್ಪನಿಗೆ ಮೊದಲೇ ಗೊತ್ತಿದ್ದ ಸಂಗತಿ ಎಂದು ನನಗೆ ಹಾಸ್ಟೆಲಿಗೆ ನಡೆದು ಹೋಗುವಾಗ ಹೊಳೆಯಿತು.

ಏಪ್ರಿಲ್‌ನ ಒಂದು ಶನಿವಾರ ನಮ್ಮ ಮೊದಲ ಪೂರ್ತಿ ಓಟ. ಒಳಗೆ 3 ಜನ, ಹೊರಗೆ 5. ಬೆಳಗ್ಗೆ 11ರಿಂದ ಸಂಜೆ 5ರವರೆಗೆ, ನಡುವೆ ಯಾರೂ ಹೊರಗೆ ಬರುವಂತಿಲ್ಲ. ಒಳಗಿನವರ ಜೊತೆ ಮಾತಾಡುವುದು ಒಬ್ಬರೇ. ಆ ಹೆಡ್‌ಸೆಟ್ ನನ್ನ ತಲೆಯ ಮೇಲಿತ್ತು.

ನಾಲ್ಕು ಗಂಟೆಗೆ ಮಳೆ ಬಂತು. ಬೇಸಿಗೆಯ ಮೊದಲ ಮಳೆ, ಆಲಿಕಲ್ಲಿನ ಜೊತೆ. ತಗಡಿನ ಮೇಲೆ ಅದರ ಸದ್ದು ಹೇಗಿತ್ತೆಂದರೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ನೌಕೆ 3 ಮೀಟರಿನ ನಿಲುಗಡೆಯಲ್ಲಿತ್ತು. ಎಲ್ಲರನ್ನೂ ಕೇಳಿ, ಮುಂದೆ ಹೋಗಿ ಎಂದೆ. ಹೊರಟರು. ದೂರ 2.4, 2.2. “ದೂರ ಹೇಳಿ” ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಮಳೆಯ ಸದ್ದು ಬಿಟ್ಟು ಇನ್ನೇನೂ ಇಲ್ಲ. ಪರದೆಯ ಮೇಲೆ 2.0. ನಾನು ಅಬಾರ್ಟ್ ಎಂದೆ.

ಒಳಗಿನವರು ತಕ್ಷಣ ಹಿಂದೆ ಸರಿದರು. ಹಾಗೆ ಸರಿಯುವಾಗ ಉಳಿದಿದ್ದ ಇಂಧನದಲ್ಲಿ ಬಹುಪಾಲು ಹೋಯಿತು, ಎರಡನೇ ಪ್ರಯತ್ನಕ್ಕೆ ಸಾಲಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದ ಮೂವರ ಮುಖವನ್ನು ನಾನು ಮರೆಯುವುದಿಲ್ಲ. ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಎರಡು ಸಲವೂ ಉತ್ತರ ಕೊಟ್ಟಿದ್ದರು. ಅವರ ಮೈಕಿನಲ್ಲಿ ಮಳೆ ತುಂಬಿ ಅದು ನಮಗೆ ಬಂದಿರಲಿಲ್ಲ. ದಾಖಲೆ ತೆಗೆದು ನೋಡಿದರೆ ವೇಗ, ಕೋನ ಎಲ್ಲ ಸರಿಯಾಗಿದ್ದವು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಡಾಕಿಂಗ್ ಆಗಿರುತ್ತಿತ್ತು.

“ಆರು ತಾಸಿನ ಕೆಲಸ” ಎಂದು ಒಬ್ಬ ಕುರ್ಚಿ ತಳ್ಳಿ ಹೋದ. ನಾನು ಅತ್ತೆ. ಶಿರಸಿಯ ಅಕ್ಕ ಪಕ್ಕಕ್ಕೆ ಬಂದು ಕೂತು ಅಪೊಲೊ-11ರ ಒಂದು ಘಟನೆ ಹೇಳಿದರು. 1969ರಲ್ಲಿ, ಹಾರಾಟಕ್ಕೆ ಕೆಲವೇ ದಿನ ಮೊದಲು, ಕೊನೆಯ ಹಂತದ ಅಭ್ಯಾಸದಲ್ಲಿ ಕಂಪ್ಯೂಟರ್ ಒಂದು ಅಲಾರಂ ಕೊಟ್ಟಿತು. ಹೂಸ್ಟನ್ನಿನ ಕಂಟ್ರೋಲರ್‌ಗಳು ಅಬಾರ್ಟ್ ಮಾಡಿದರು. ಆಮೇಲೆ ನೋಡಿದರೆ ಅಬಾರ್ಟ್ ಬೇಕಿರಲಿಲ್ಲ. ಅವತ್ತಿನ ಆ ತಪ್ಪಿನಿಂದಲೇ, ಯಾವ ಅಲಾರಮ್ಮಿಗೆ ನಿಲ್ಲಿಸಬೇಕು, ಯಾವುದಕ್ಕೆ ಮುಂದೆ ಹೋಗಬಹುದು ಎಂದು ಪಟ್ಟಿ ಮಾಡಿಸಿದರು. ಜುಲೈ 20ರಂದು ನಿಜವಾಗಿ ಚಂದ್ರನ ಮೇಲೆ ಇಳಿಯುವಾಗ 1202 ಅಲಾರಂ ಬಂತು, ಅವರು ಮುಂದೆ ಹೋದರು. “ನೀ ಮಾಡಿದ್ದು ಸರಿ ಅಂತ ನಾ ಹೇಳ್ತಾ ಇಲ್ಲೆ. ಪಟ್ಟಿ ಮಾಡುವ ಅಂತ ಹೇಳ್ತಾ ಇದ್ದಿ” ಎಂದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಆಗ ತಾನೇ ಮನೆಗೆ ಬಂದಿದ್ದರು.

“ಅಪ್ಪಾ, ರಿವರ್ಸ್ ತಗೊಳ್ಳೋವಾಗ ಹಿಂದೆ ನಿಂತಿರೋ ನಿಮ್ಮ ಧ್ವನಿ ಕೇಳಿಸ್ದೇ ಹೋದ್ರೆ ಡ್ರೈವರ್ ಏನ್ ಮಾಡ್ತಾರೆ?”

“ನಿಲ್ಲಿಸ್ತಾರೆ.”

“ಮುಂದಕ್ಕೆ ತಗೊಂಡ್ಬಿಡಲ್ವಾ?”

“ಯಾಕ್ ತಗೋತಾರವ್ವಾ? ಮುಂದಕ್ಕೆ ಬಂದಾಗ ಮುಂದೆ ಯಾರಾದ್ರೂ ಇದ್ರೆ? ಇದ್ದಲ್ಲೇ ನಿಲ್ಲಿಸ್ತಾರೆ. ಇಳಿದು ಬಂದು ನೋಡ್ತಾರೆ, ಇಲ್ಲ ನಾನೇ ಮುಂದಕ್ಕೆ ಹೋಗಿ ಹೇಳ್ತೀನಿ. ಯಾಕೆ, ಏನಾಯ್ತು?”

ನಾನು ಅಬಾರ್ಟ್ ಎಂದಿದ್ದೆ. ನನಗೆ ಬೇಕಿದ್ದದ್ದು ಹೋಲ್ಡಾನ್. ಆ ಪದವನ್ನು ಗೋಡೆಗೆ ಅಂಟಿಸಿದವಳೇ ನಾನು, ಹೆದರಿದ ಹೊತ್ತಿಗೆ ನನ್ನ ಬಾಯಿಗೇ ಬರಲಿಲ್ಲ. 3 ಮೀಟರ್ ಒಳಗೆ ಬಂದ ಮೇಲೆ ಕೇಳಿಸದೇ ಹೋದರೆ ಏನು ಎಂದು ನಮ್ಮ ಪುಸ್ತಕದಲ್ಲಿ ಬರೆದಿರಲಿಲ್ಲ, ಹಾಗಾಗಿ ಭಯ ತನಗೆ ತೋಚಿದ್ದನ್ನು ಹೇಳಿತು. ಮರುದಿನ ಭಾನುವಾರವೇ ಕೂತು ಬರೆದೆವು: 3 ಮೀಟರಿನ ಒಳಗೆ ಪ್ರತಿ 10 ಸೆಕೆಂಡಿಗೆ ಒಳಗಿನವರು ದೂರ ಹೇಳಬೇಕು. ಒಂದು ಸಲ ಕೇಳಿಸದಿದ್ದರೆ ಕಂಟ್ರೋಲ್ ‘ಹೋಲ್ಡಾನ್’ ಎನ್ನಬೇಕು, ನೌಕೆ ಇದ್ದಲ್ಲೇ ನಿಲ್ಲಬೇಕು. ನಿಂತ ಮೇಲೂ ಮಾತು ಬರದಿದ್ದರೆ ಒಳಗಿನವರು ಒಂದು ದೀಪ ಹೊತ್ತಿಸಬೇಕು, ಒಂದು ಸಲ ಮಿನುಗಿದರೆ ನಿಂತಿದ್ದೇವೆ, ಎರಡು ಸಲ ಮಿನುಗಿದರೆ ಹೋಗುತ್ತಿದ್ದೇವೆ. ದೀಪವೂ ಬರದಿದ್ದರೆ ಆಗ ಹಿಂದಕ್ಕೆ, 3 ಮೀಟರಿಗೆ. ಕುರ್ಚಿ ತಳ್ಳಿ ಹೋಗಿದ್ದವನೇ ಸೋಮವಾರ ಆ ದೀಪದ ಬೋರ್ಡು ಮಾಡಿಕೊಂಡು ಬಂದ. ಮೈಕಿನ ಸುತ್ತ ಸ್ಪಂಜು ಕಟ್ಟಿದ. ಮೇ ಮೊದಲ ವಾರ ಮತ್ತೆ ಓಡಿಸಿದೆವು. ಎರಡು ಸಲ ಹೋಲ್ಡಾನ್ ಎಂದೆ. ಮೂರನೆಯ ಸಲ ಡಾಕ್ ಆಯಿತು. ಸೆಕೆಂಡಿಗೆ 4 ಸೆಂಟಿಮೀಟರ್ ವೇಗದಲ್ಲಿ, ಒಂದು ಹಸಿರು ದೀಪ, ಅಷ್ಟೆ. ಯಾರೂ ಕೂಗಲಿಲ್ಲ, ಒಳಗಿನವರು ‘ಕೊಂಡಿ ಹಾಕಿದೆ’ ಎಂದು ಹೇಳುವವರೆಗೆ ಪುಸ್ತಕದ ಪ್ರಕಾರ ಯಾರೂ ಮಾತಾಡುವಂತಿರಲಿಲ್ಲ.

ಜೂನ್ 25ರಂದು ಶುಭಾಂಶು ಶುಕ್ಲಾ ಆಕ್ಸಿಯಮ್-4ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೊರಟರು. ರಾಕೇಶ್ ಶರ್ಮಾ ಹೋಗಿ 41 ವರ್ಷವಾದ ಮೇಲೆ. ಮರುದಿನ ಮಧ್ಯಾಹ್ನ ಪರೀಕ್ಷೆ ಮುಗಿಸಿದವರು, ಮುಗಿಸದವರು ಎಲ್ಲ ಆ ತಗಡಿನ ಕೋಣೆಯಲ್ಲಿ ಸೇರಿದೆವು. ಹುಬ್ಬಳ್ಳಿ ಹುಡುಗ ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದ: ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಐಐಟಿ ಧಾರವಾಡದವರೂ ಸೇರಿ ಮೊಳಕೆ ಬರಿಸುವ ಪ್ರಯೋಗಕ್ಕೆಂದು ಕೊಟ್ಟ ಹೆಸರುಕಾಳು, ಮೆಂತ್ಯ ಆ ನೌಕೆಯಲ್ಲಿವೆ. “ನಮ್ಮೂರ ಕಾಳು ರೀ” ಎಂದು ಒಳಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವರಿದ್ದ ಡ್ರ್ಯಾಗನ್ ನೌಕೆಯ ದಾರಿಯಲ್ಲೂ ನಿಲುಗಡೆಗಳಿವೆ, ನಿಲ್ದಾಣಕ್ಕೆ 20 ಮೀಟರ್ ಇದ್ದಾಗಿನದು ಕೊನೆಯದು. ಪರದೆಯ ಮೇಲೆ ದೂರ ಇಳಿಯುತ್ತಾ ಬಂತು. 30. 25. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. 20ಕ್ಕೆ ಬರುತ್ತಿದ್ದಂತೆ, ಯಾರೂ ಹೇಳಿಕೊಡದೆ, ಒಡಿಶಾದ ಹುಡುಗಿಯಿಂದ ವೆಲ್ಡಿಂಗ್ ಅಣ್ಣನವರೆಗೆ ಏಳೆಂಟು ಜನ ಒಟ್ಟಿಗೆ, ಮೆಲ್ಲಗೆ ಹೇಳಿದರು:

“ಹೋಲ್ಡಾನ್.”